ನಾಲ್ಕು ಗಂಟೆಯ ಟೇಕ್-ಹೋಮ್ ಮತ್ತು ನನ್ನ ಲಾಗಿನ್ ಪುಟ

ಈ ದೇಶಕ್ಕೆ ಬಂದು ಎರಡು ತಿಂಗಳಾಯಿತು, ಒಂದು ಸಾಫ್ಟ್‌ವೇರ್ ಕಂಪನಿಯವರು ಮಾಮೂಲಿ ಇಂಟರ್‌ವ್ಯೂ ಬದಲು ಟೇಕ್-ಹೋಮ್, ಅಂದರೆ ಮನೆಯಲ್ಲೇ ಕೂತು ಕೋಡ್ ಬರೆದು ಕಳಿಸುವ ಪರೀಕ್ಷೆ, ಕೊಟ್ಟಿದ್ದಾರೆ, ನಾಲ್ಕು ಗಂಟೆ ಸಾಕು ಅಂದಿದ್ದಾರೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಒಪ್ಪಿಕೊಳ್ಳಿ. ಬೋರ್ಡ್ ಮುಂದೆ ನಿಂತು ಬೈನರಿ ಟ್ರೀ ತಿರುಗಿಸುವಂಥ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸುವುದಕ್ಕಿಂತ ಎಷ್ಟೋ ವಾಸಿ. 2020ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನವರು 48 ವಿದ್ಯಾರ್ಥಿಗಳನ್ನು ಕೂರಿಸಿ ನೋಡಿದ್ದರು. ಒಬ್ಬರು ನೋಡುತ್ತಾ ನಿಂತಿದ್ದಾರೆ ಅನ್ನುವಷ್ಟಕ್ಕೇ ಲೆಕ್ಕ ಬಿಡಿಸುವ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮಾರ್ಕರ್ ಹಿಡಿದ ನನ್ನ ಕೈ ಅದನ್ನು ಮೊದಲೇ ಹೇಳಿತ್ತು, ಬಿಡಿ.

ವೀಸಾ ವಿಷಯ ಎಚ್‌ಆರ್ ಹತ್ತಿರ ಕೇಳಿ, ನನ್ನ ಕಾಲದ ಮಾತು ಈಗ ನಡೆಯಲ್ಲ. ಗೆಳೆಯರ ಕೈಲಿ ಬರೆಸಬೇಡಿ. ಎಐ ಬಳಸಬಹುದಾ ಅಂತ ಅವರನ್ನೇ ಕೇಳಿ. ಬಳಸಿದರೂ ಆಮೇಲಿನ ಕಾಲ್‌ನಲ್ಲಿ ಪ್ರತಿ ಸಾಲಿಗೂ ಉತ್ತರ ಹೇಳಬೇಕಾದವರು ನೀವೇ.

ಈಗ ನನ್ನ ಕಥೆ. ಬಂದ ಹೊಸತು, ಇಂಥದ್ದೇ ಒಂದು ಸಿಕ್ಕಿತ್ತು. ಒಂದು ಸಿಎಸ್‌ವಿ ಫೈಲ್ (ಸಾಲು ಸಾಲಾಗಿ ಬರೆದ ಸಾದಾ ಕೋಷ್ಟಕ), ಅದರಲ್ಲಿ ಆರ್ಡರ್‌ಗಳ ಪಟ್ಟಿ, ತಿಂಗಳ ಮೊತ್ತ ತೆಗೆಯಬೇಕು ಅಷ್ಟೇ. ಅದರಲ್ಲಿ ಒಂದೇ ಆರ್ಡರ್ ನಂಬರ್ ಎರಡು ಸಲ ಇತ್ತು, ಮೊತ್ತ ಮಾತ್ರ ಬೇರೆ ಬೇರೆ. ಇಪ್ಪತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ. ಮೇಲ್‌ನ ಕೊನೆಯಲ್ಲಿ ‘ಏನಾದರೂ ಅನುಮಾನವಿದ್ದರೆ ಕೇಳಿ’ ಅಂತ ಬರೆದಿದ್ದರು. ಆ ಸಾಲನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಅಂತ ನಿಮಗೆ ಗೊತ್ತಲ್ವಾ? ಕೇಳಿದರೆ ಗೊತ್ತಿಲ್ಲ ಅಂದಂತೆ. ನಾನು ಸುಮ್ನೆ ಮೊದಲಿನ ಸಾಲು ತೆಗೆದೆ, ಎರಡನೆಯದನ್ನು ಉಳಿಸಿಕೊಂಡೆ. ಎಲ್ಲೂ ಬರೆದಿಡಲಿಲ್ಲ. ಆಮೇಲೆ ಶನಿವಾರ, ಭಾನುವಾರ ಎರಡೂ ದಿನ ಮನೆಯಿಂದ ಬಂದ ಫೋನ್ ಕೂಡ ಎತ್ತದೆ ಲಾಗಿನ್ ಪುಟ, ಗ್ರಾಫ್, ಡಾಕರ್ ಅಂತ ಯಾರೂ ಕೇಳದ್ದನ್ನೆಲ್ಲ ಸೇರಿಸಿ, ರಾತ್ರಿ ಹನ್ನೆರಡಕ್ಕೆ ‘ಫೈನಲ್’ ಅಂತ ಒಂದೇ ಕಮಿಟ್ (ಕೋಡ್‌ನ ಬದಲಾವಣೆಯನ್ನು ಹೆಸರಿಟ್ಟು ಉಳಿಸುವುದು) ಹಾಕಿ ಕಳಿಸಿದೆ.

ಕಾಲ್‌ನಲ್ಲಿದ್ದ ಹೆಂಗಸು ನೇರವಾಗಿ ಆ ಜಾಗಕ್ಕೇ ಹೋದರು. “ಎರಡನೆಯದನ್ನೇ ಯಾಕೆ ಉಳಿಸಿಕೊಂಡಿರಿ?”

“ಸಾರಿ, ಬದಲಾಯಿಸುತ್ತೇನೆ.”

“ಬದಲಾಯಿಸೋದು ಬೇಡ. ಯಾಕೆ ಅಂತ ತಿಳಿಯಬೇಕಿತ್ತು.”

ಮತ್ತೆ ಸಾರಿ ಅಂದೆ. ತಿದ್ದಿದ ಮೊತ್ತವನ್ನು ಕೆಳಗಿನ ಸಾಲಿನಲ್ಲಿ ಹಾಕಿರಬಹುದು ಅನ್ನುವ ಕಾರಣ ತಲೆಯಲ್ಲಿತ್ತು, ಬಾಯಿಗೆ ಬರಲಿಲ್ಲ. ಅವರು ಗದರಿಸುತ್ತಿದ್ದಾರೆ ಅಂತಲೇ ನನಗೆ ಕೇಳಿಸಿತ್ತು. ಲಾಗಿನ್ ಪುಟವನ್ನು ಅವರು ತೆರೆಯಲೇ ಇಲ್ಲ. ಕೆಲಸವೂ ಸಿಗಲಿಲ್ಲ. ಇಷ್ಟು ವರ್ಷವಾದರೂ ನಾನಂದ ಆ ಎರಡು ‘ಸಾರಿ’ಗಳು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹಾಗಾಗಿ ನಾಲ್ಕು ಗಂಟೆ ಅಂದರೆ ಹೆಚ್ಚೆಂದರೆ ಐದಕ್ಕೆ ನಿಲ್ಲಿಸಿ. ಕೋಡ್ ಜೊತೆ ಇಡುವ ವಿವರಣೆಯ ಫೈಲ್ ರೀಡ್‌ಮಿಯಲ್ಲಿ ಏನು ಅಂದುಕೊಂಡಿರಿ, ಏನು ಬಿಟ್ಟಿರಿ, ಯಾಕೆ ಅಂತ ನಾಲ್ಕೈದು ಸಾಲು ಬರೆಯಿರಿ. ಕಮಿಟ್ ಸಣ್ಣ ಸಣ್ಣದಾಗಿರಲಿ. ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್ ಎರಡಾದರೂ ಇರಲಿ. ಒಂದು ವಾರದ ಕೆಲಸ ಕೊಟ್ಟು, ಅದೂ ಅವರದೇ ಪ್ರಾಡಕ್ಟ್‌ನ ಕೆಲಸದ ಹಾಗೆ ಕಂಡರೆ, ಇದಕ್ಕೆ ದುಡ್ಡು ಕೊಡುತ್ತೀರಾ ಅಂತ ಕೇಳಿ. ಮುಖ ಸಿಂಡರಿಸಿದರೆ ಬಿಟ್ಟುಬಿಡಿ.

ಈಗ ನಮ್ಮ ಟೀಮಿನ ಟೇಕ್-ಹೋಮ್ ಬರೆಯುವುದು ನಾನೇ, ಅದರ ಬಗ್ಗೆ ಸ್ವಲ್ಪ ಜಂಬವೂ ಇದೆ. ಅದರಲ್ಲೂ ಅಂಥ ಎರಡು ಸಾಲು ಬೇಕೆಂದೇ ಇಟ್ಟಿದ್ದೇನೆ. ನಮ್ಮ ಕಡೆಯ ಹೆಸರು ಕಂಡರೆ, ಇವರಾದರೂ ಒಂದು ಮೇಲ್ ಹಾಕಿ ಕೇಳಲಿ ಅಂತ ಕಾಯುತ್ತೇನೆ. ಹೆಚ್ಚಿನ ಸಲ ಮೇಲ್ ಬರುವುದಿಲ್ಲ. ಭಾನುವಾರ ರಾತ್ರಿ ಲಾಗಿನ್ ಪುಟದ ಸಮೇತ ಕೋಡ್ ಬರುತ್ತದೆ.