ದೊಡ್ಡ ರಾಜ್ಯ ಗೆದ್ದರೂ ಸೋಲುವುದೇಕೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯವಾರು ನಡೆಯುವ ಮತದಾನವೇ ಪ್ರೈಮರಿ. 2008ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಎಲ್ಲವೂ ಹಿಲರಿ ಕ್ಲಿಂಟನ್ ಪಾಲಾದವು. ಆದರೂ ಒಬಾಮಾ ಅಭ್ಯರ್ಥಿಯಾದದ್ದು ಹೇಗೆ?

ಉತ್ತರ: ಅಭ್ಯರ್ಥಿ ಯಾರೆಂದು ತೀರ್ಮಾನಿಸುವವರು ಪಕ್ಷದ ಅಧಿವೇಶನದಲ್ಲಿ ಮತ ಹಾಕುವ ಡೆಲಿಗೇಟ್‌ಗಳು. ಆ ಪಕ್ಷದಲ್ಲಿ ಶೇ 15ರಷ್ಟು ಮತ ಮುಟ್ಟಿದವರಿಗೆಲ್ಲ ಮತಪ್ರಮಾಣಕ್ಕೆ ತಕ್ಕಂತೆ ಡೆಲಿಗೇಟ್‌ಗಳು ಹಂಚಿಕೆಯಾಗುತ್ತಾರೆ. ಫೆಬ್ರವರಿ 5ರಂದು ನ್ಯೂಜೆರ್ಸಿಯಲ್ಲಿ ಕ್ಲಿಂಟನ್‌ಗೆ 59, ಒಬಾಮಾಗೆ 48. ಮುನ್ನಡೆ ಬರೀ 11. ಅದೇ ದಿನ ಪುಟ್ಟ ಐಡಾಹೊದ ಕಾಕಸ್‌ನಲ್ಲಿ ಒಬಾಮಾಗೆ 15, ಕ್ಲಿಂಟನ್‌ಗೆ 3, ಮುನ್ನಡೆ 12! ಕಾಕಸ್ ಎಂದರೆ ಗೊತ್ತಾದ ಹೊತ್ತಿಗೆ ಸಭೆಗೆ ಬಂದು ಕೂರಬೇಕು, ಹಾಗಾಗಿ ಬರುವವರೇ ಕಡಿಮೆ. ಮೊದಲೇ ಕಚೇರಿ ತೆರೆದು ಬೆಂಬಲಿಗರನ್ನು ಸಭೆಗೆ ಕರೆತಂದವರದೇ ಮೇಲುಗೈ. ಕ್ಲಿಂಟನ್ ತಂಡ ಇಂಥ ರಾಜ್ಯಗಳನ್ನು ಕಡೆಗಣಿಸಿತು.

ಪ್ರಶ್ನೆ: ಹಾಗಾದರೆ ಒಂದು ರಾಜ್ಯದೊಳಗೆ ಪ್ರಚಾರದ ಹಣವನ್ನು ಎಲ್ಲಿ ಸುರಿಯಬೇಕು?

ಉತ್ತರ: ಮೊದಲು ಪ್ರತಿ ಕ್ಷೇತ್ರಕ್ಕೆ ಎಷ್ಟು ಡೆಲಿಗೇಟ್‌ಗಳಿದ್ದಾರೆ ನೋಡಿ. ನಾಲ್ಕು ಇದ್ದು, ಕಣದಲ್ಲಿ ಇಬ್ಬರೇ ಇದ್ದರೆ, ಶೇ 60 ಮತ ಪಡೆದವರಿಗೂ ಸಿಗುವುದು ಎರಡೇ. ಲೆಕ್ಕ ಹೀಗಿದೆ: ನಾಲ್ಕರಲ್ಲಿ ಶೇ 60 ಅಂದರೆ 2.4, ಎದುರಾಳಿಯದು 1.6. ಪೂರ್ಣಾಂಕ ಕೊಟ್ಟಮೇಲೆ ಉಳಿಯುವ ಒಂದು ಸ್ಥಾನ ದೊಡ್ಡ ಶೇಷ ಇದ್ದವರಿಗೆ, ಅಂದರೆ 0.6ರವರಿಗೆ ಹೋಗುತ್ತದೆ. 3–1 ಆಗಬೇಕಾದರೆ ಶೇ 62.5 ದಾಟಲೇಬೇಕು. ಮೂರೇ ಡೆಲಿಗೇಟ್‌ಗಳಿರುವ ಕಡೆ ಶೇ 51 ಸಿಕ್ಕರೂ 2–1. ಆದ್ದರಿಂದ ಬೆಸಸಂಖ್ಯೆಯ, ಸಮಬಲದ ಕ್ಷೇತ್ರಕ್ಕೆ ಹಣವೂ ಹೋಗಲಿ, ಕಾರ್ಯಕರ್ತರೂ ಹೋಗಲಿ. ನಾಲ್ಕರ ಕ್ಷೇತ್ರದಲ್ಲಿ ನಿಮ್ಮ ಮತ ಶೇ 37.5ಕ್ಕಿಂತ ಕೆಳಗಿಳಿಯುವ ಭಯವಿಲ್ಲದಿದ್ದರೆ, 62.5ರ ಹತ್ತಿರವೂ ಇಲ್ಲದಿದ್ದರೆ, ಅಲ್ಲಿ ಸುರಿದದ್ದು ನೀರಲ್ಲಿ ಹೋಮ. ರಾಜ್ಯದ ತುಂಬ ಒಂದೇ ಸಮ ಟಿವಿ ಜಾಹೀರಾತು ಕೊಡುವವರು ಎಡವುವುದು ಇಲ್ಲೇ.

ಪ್ರಶ್ನೆ: ಎದುರಾಳಿಯನ್ನು ಬಯ್ದರೆ ಮತ ಬರುತ್ತದೆಯೇ?

ಉತ್ತರ: ಇಬ್ಬರೇ ಇದ್ದಾಗ ಬಂದೀತು. ಹಲವರಿದ್ದಾಗ ಇಬ್ಬರ ಜಗಳ ಮೂರನೆಯವರಿಗೆ ಲಾಭ. 2004ರಲ್ಲಿ ಅಯೋವಾ ರಾಜ್ಯದ ಡೆಮಾಕ್ರಟಿಕ್ ಕಾಕಸ್‌ಗೆ ಮುನ್ನ ಹೋವರ್ಡ್ ಡೀನ್, ಡಿಕ್ ಗೆಪ್ಹಾರ್ಟ್ ಪರಸ್ಪರ ಕೆಸರೆರಚಿಕೊಂಡರು. ಜಾನ್ ಕೆರಿ ಮೊದಲಿಗರಾದರು, ಜಾನ್ ಎಡ್ವರ್ಡ್ಸ್ ಎರಡನೆಯವರು.

ಪ್ರಶ್ನೆ: 2016ರಲ್ಲಿ ಟ್ರಂಪ್ ಎದುರಾಳಿಗಳು ಒಂದಾಗಿದ್ದರೆ ಅವರನ್ನು ತಡೆಯಬಹುದಿತ್ತೇ?

ಉತ್ತರ: ಒಂದಾದರು, ಆದರೆ ತಡವಾಗಿ, ಅದೂ ಅರೆಮನಸ್ಸಿನಿಂದ. ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ನಿಯಮ ಬೇರೆ, ಕೆಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಡೆಲಿಗೇಟ್‌ಗಳು. ಸೌತ್ ಕ್ಯಾರೊಲಿನಾದಲ್ಲಿ ಶೇ 32.5 ಮತಕ್ಕೇ ಟ್ರಂಪ್‌ಗೆ 50ಕ್ಕೆ 50 ಡೆಲಿಗೇಟ್‌ಗಳು ದಕ್ಕಿದರು, ಏಕೆಂದರೆ ಉಳಿದ ಮತ ಹರಿದು ಹಂಚಿಹೋಗಿತ್ತು. ಏಪ್ರಿಲ್ ಕೊನೆಗೆ ಟೆಡ್ ಕ್ರೂಜ್, ಜಾನ್ ಕೇಸಿಕ್ ಒಬ್ಬರಿಗೊಬ್ಬರು ರಾಜ್ಯ ಬಿಟ್ಟುಕೊಡುವ ಒಪ್ಪಂದಕ್ಕೆ ಬಂದರು: ಇಂಡಿಯಾನಾ ಕ್ರೂಜ್‌ಗೆ, ಆರೆಗಾನ್, ನ್ಯೂಮೆಕ್ಸಿಕೊ ಕೇಸಿಕ್‌ಗೆ. ಆದರೆ ಮರುದಿನವೇ ಕೇಸಿಕ್, ಇಂಡಿಯಾನಾದವರು ನನಗೇ ಮತ ಹಾಕಲಿ ಎಂದುಬಿಟ್ಟರು! ಅಲ್ಲಿನ 57 ಡೆಲಿಗೇಟ್‌ಗಳೂ ಟ್ರಂಪ್ ಪಾಲಾದರು, ಅಂದು ರಾತ್ರಿಯೇ ಕ್ರೂಜ್ ಕಣ ಬಿಟ್ಟರು. 2020ರಲ್ಲಿ ಡೆಮಾಕ್ರಟರು ಚುರುಕಾಗಿದ್ದರು. ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಗೆ ಮುನ್ನ ಬುಟಿಜೆಜ್, ಕ್ಲೋಬುಚರ್ ಹಿಂದೆ ಸರಿದು ಬೈಡನ್ ಬೆನ್ನಿಗೆ ನಿಂತರು. ಬೈಡನ್ 14ರಲ್ಲಿ 10 ರಾಜ್ಯ ಗೆದ್ದರು. ಆಗಲೂ ಅವರಿಬ್ಬರಿಗೆ ಅಂಚೆಯಲ್ಲಿ ಮುಂಚೆಯೇ ಬಿದ್ದಿದ್ದ ಮತಗಳು ಬೈಡನ್‌ಗೆ ಬರಲಿಲ್ಲ. ಹಿಂದೆ ಸರಿಯುವವರು ಮತಪತ್ರ ಅಂಚೆಗೆ ಬೀಳುವ ಮೊದಲೇ ಸರಿಯಬೇಕು.