ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೊದಲಾರ್ಧದ ಕಾಂಟ್ರಾಕ್ಟ್ ಕೊಳ್ಳುವುದು ಇಡೀ ಪಂದ್ಯದ ಕಾಂಟ್ರಾಕ್ಟಿಗಿಂತ ಸೇಫಾ?

ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತೆ, ಕೊನೇ ಗಳಿಗೆಯ ಫೌಲು, ಫ್ರೀ ಥ್ರೋ ಗಲಾಟೆ ಇರಲ್ಲ, ಹಾಗಾಗಿ ಸೇಫು ಅಂತ ನೀವು ಬರೆದು ಕಳಿಸಿದ ಪ್ರಶ್ನೆಯಲ್ಲಿ ನಿಮ್ಮ ಲೆಕ್ಕ. ಕಾಂಟ್ರಾಕ್ಟ್ ಅಂದ್ರೆ ಇಲ್ಲಿ ಪ್ರೆಡಿಕ್ಷನ್ ಮಾರ್ಕೆಟ್ ಆ್ಯಪ್‌ನಲ್ಲಿ ಕೊಳ್ಳುವ 'ಯೆಸ್' ಅಥವಾ 'ನೋ': ಊಹೆ ನಿಜವಾದರೆ ಒಂದು ಡಾಲರ್, ಇಲ್ಲದಿದ್ದರೆ ಸೊನ್ನೆ. ಕಳೆದ ಸೀಸನ್‌ನಲ್ಲಿ ನನ್ನ ಲೆಕ್ಕವೂ ಇದೇ ಆಗಿತ್ತು.

ನಾನಿರೋದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಡ್ಯೂಕ್, ಯುಎನ್‌ಸಿ, ಎನ್‌ಸಿ ಸ್ಟೇಟ್ ಮೂರು ಯೂನಿವರ್ಸಿಟಿಗಳೂ ಕಾರಲ್ಲಿ ಹೋಗಿಬರುವಷ್ಟು ಹತ್ತಿರ, ಚಳಿಗಾಲ ಪೂರ್ತಿ ಆಫೀಸಲ್ಲಿ ಬೇರೆ ಮಾತೇ ಇರಲ್ಲ. ಒಂದು ರಾತ್ರಿ ಮೊದಲಾರ್ಧದಲ್ಲಿ ಹೋಮ್ ಟೀಮ್ ಮುಂದಿರುತ್ತೆ ಅನ್ನೋದಕ್ಕೆ 'ಯೆಸ್' 56 ಸೆಂಟ್ ಇತ್ತು. ಎದುರು ಟೀಮ್ ಮುಂದಿರುತ್ತೆ ಅನ್ನೋದಕ್ಕೆ 'ನೋ' 61. ಇವರು ಮುಂದಿರ್ತಾರೆ ಅಂದ್ರೂ ಅವರು ಮುಂದಿರಲ್ಲ ಅಂದ್ರೂ ಒಂದೇ ಅಲ್ವಾ, ಐದು ಸೆಂಟ್ ಯಾಕೆ ಜಾಸ್ತಿ ಕೊಡಲಿ ಅಂತ 'ಯೆಸ್' ಕೊಂಡೆ. ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು.

ಅದು ಒಂದೇ ಅಲ್ಲ. ಇದನ್ನು ನಿಧಾನವಾಗಿ ಓದಿ. ಇಡೀ ಪಂದ್ಯದಲ್ಲಿ ಟೈ ಅನ್ನೋದೇ ಇಲ್ಲ, ಸಮ ಆದರೆ ಓವರ್‌ಟೈಮ್ ಆಡಿಸಿ ತೀರ್ಮಾನ ಮಾಡ್ತಾರೆ. ಹಾಫ್‌ಟೈಮಿಗೆ ಓವರ್‌ಟೈಮ್ ಇಲ್ಲ. ಸಮ ಇದ್ದರೆ ಸಮವೇ. ಹಾಗಾಗಿ ಇಲ್ಲಿ ಫಲಿತಾಂಶ ಎರಡಲ್ಲ, ಮೂರು: ಇವರು 56, ಅವರು 39 (ನೂರರಲ್ಲಿ 'ನೋ' ಬೆಲೆ 61 ಕಳೆದರೆ), ಟೈ 5. ನಾನು ಡಿಸ್ಕೌಂಟ್ ಅಂದುಕೊಂಡ ಐದು ಸೆಂಟ್ ಟೈನ ಬೆಲೆ. ಅರ್ಧ ಮುಗಿಯುವ ಹೊತ್ತಿಗೆ ನಮ್ಮವರು ಮೂರು ಪಾಯಿಂಟ್ ಮುಂದಿದ್ದರು. ಬಜರ್ ಜೊತೆಗೇ ಎದುರಿನವನ ತ್ರೀ (ಮೂರು ಪಾಯಿಂಟಿನ ಶಾಟ್) ಬಿತ್ತು: 33-33. 'ಯೆಸ್' ಇಟ್ಟವನಿಗೆ ಸೊನ್ನೆ. 'ನೋ' ಇಟ್ಟಿದ್ದರೆ ಪೂರ್ತಿ ಒಂದು ಡಾಲರ್. ನನ್ನ ಊಹೆ ಪೂರಾ ತಪ್ಪೂ ಆಗಿರಲಿಲ್ಲ, ಎದುರು ಟೀಮ್ ಮುಂದೆ ಹೋಗಲೇ ಇಲ್ಲ. ಟೈ ಆದರೆ ಏನು ಅನ್ನೋದು ಕಾಂಟ್ರಾಕ್ಟಿನ ರೂಲ್ಸ್ ಪುಟದಲ್ಲಿ ಒಂದೇ ಸಾಲಲ್ಲಿತ್ತು, ನಾನು ಆ ಪುಟ ತೆರೆದೇ ಇರಲಿಲ್ಲ.

2018ರ ಮಾರ್ಚ್‌ನ ಎನ್‌ಸಿಎಎ ಟೂರ್ನಮೆಂಟ್‌ನಲ್ಲಿ ಒಂದನೇ ಸೀಡ್ (ಶ್ರೇಯಾಂಕ) ವರ್ಜೀನಿಯಾವನ್ನು ಹದಿನಾರನೇ ಸೀಡ್ ಯುಎಂಬಿಸಿ ಸೋಲಿಸಿದ್ದು ಎಲ್ಲರಿಗೂ ನೆನಪಿದೆ, 74-54. ಹಾಫ್‌ಟೈಮ್ ಸ್ಕೋರ್ ಎಷ್ಟು ಗೊತ್ತಾ? 21-21.

ಇನ್ನು ನಿಮ್ಮ 'ಸೇಫ್'. ನನ್ನ ಪ್ರಕಾರ ಆ ಲೆಕ್ಕ ತಲೆಕೆಳಗು. ಇಡೀ ಪಂದ್ಯದಲ್ಲಿ ಒಂದು ಟೀಮಿಗೆ ಹೆಚ್ಚುಕಮ್ಮಿ 70 ಪೊಸೆಷನ್ (ಬಾಲ್ ಹಿಡಿದು ದಾಳಿ ಮಾಡುವ ಸರದಿ) ಸಿಗುತ್ತೆ, ಅರ್ಧದಲ್ಲಿ ಅದರರ್ಧ. ಆಟ ಚಿಕ್ಕದಾದಷ್ಟೂ ಬಲದ ಟೀಮಿಗೆ ತನ್ನ ಬಲ ತೋರಿಸಲು ಅವಕಾಶ ಕಮ್ಮಿ, ನಾಲ್ಕು ತ್ರೀ ಬಿದ್ದರೆ ಕಥೆಯೇ ಬೇರೆ. ಸ್ಟಾರ್ ಆಟಗಾರನಿಗೆ ಮೊದಲ ಹತ್ತು ನಿಮಿಷದಲ್ಲಿ ಎರಡು ಫೌಲ್ ಬಿದ್ದರೆ ಬಹಳಷ್ಟು ಕೋಚ್‌ಗಳು ಅವನನ್ನು ಹಾಫ್‌ಟೈಮ್‌ವರೆಗೂ ಬೆಂಚಲ್ಲೇ ಕೂರಿಸ್ತಾರೆ. ಐದು ಫೌಲಿಗೆ ಔಟ್, ಅದಕ್ಕೇ ಸೆಕೆಂಡ್ ಹಾಫಿಗೆ ಉಳಿಸಿಕೊಳ್ಳೋದು. ಕೋಚ್ ಆಡೋದು ನಲವತ್ತು ನಿಮಿಷದ ಆಟ, ನಿಮ್ಮ ಇಪ್ಪತ್ತು ನಿಮಿಷದ ಚಿಂತೆ ಅವನಿಗಿಲ್ಲ. ನೀವು ನೋಡ್ತಿರೋ, ಕಾಲೇಜ್ ಟೀಮ್‌ಗಳ ಬಲ ಅಳೆಯುವ ಕೆನ್‌ಪಾಮ್ ರೇಟಿಂಗ್ ಕೂಡ ಇಡೀ ಪಂದ್ಯಗಳ ಮೇಲೆ ಕಟ್ಟಿದ್ದು.

ಲೈವ್ ನೋಡಿಕೊಂಡು ಮಾರಿಬಿಡ್ತೀನಿ ಅಂದಿದ್ದೀರಿ. ಸ್ಟ್ರೀಮ್ ನಮಗೆ ತಲುಪೋದೇ ತಡವಾಗಿ. ನನ್ನ ಟಿವಿಯಲ್ಲಿ ಬಾಲ್ ಇನ್ನೂ ಕೈಯಲ್ಲಿರುವಾಗಲೇ ಫೋನಲ್ಲಿ ಬೆಲೆ ಹಾರಿರುತ್ತಿತ್ತು. ಜೊತೆಗೆ ನನ್ನ ಆ್ಯಪ್‌ನಲ್ಲಿ 50 ಸೆಂಟ್ ಆಸುಪಾಸಿನ ಕಾಂಟ್ರಾಕ್ಟಿಗೆ ಎರಡು ಸೆಂಟ್ ಹತ್ತಿರ ಫೀ, ಕೊಳ್ಳುವಾಗಲೂ ಮಾರುವಾಗಲೂ.

ಸೆಮಿಸ್ಟರ್ ಫೀಸಿಗೆ ಇಟ್ಟ ದುಡ್ಡು ಅಂತಲೂ ಬರೆದಿದ್ದೀರಿ. ಅದರಲ್ಲಿ ಒಂದು ಡಾಲರನ್ನೂ ಇದಕ್ಕೆ ಹಾಕಬೇಡಿ, ಈಗಾಗಲೇ ಹಾಕಿದ್ದರೆ ಇವತ್ತೇ ವಾಪಸ್ ತೆಗೀರಿ. ಬೇರೆ ದುಡ್ಡಲ್ಲಿ ಆಡಿಯೇ ತೀರ್ತೀನಿ ಅಂದ್ರೆ, ಮೊದಲು ರೂಲ್ಸ್ ಪುಟದಲ್ಲಿ ಟೈ ಸಾಲು ಹುಡುಕಿ. ಆಮೇಲೆ ಒಂದು ಟೀಮಿನ 'ಯೆಸ್' ಬೆಲೆಗೆ ಟೈ ಬೆಲೆ ಕೂಡಿಸಿ, ಇನ್ನೊಂದು ಟೀಮಿನ 'ನೋ' ಪಕ್ಕ ಇಟ್ಟು ಯಾವುದು ಅಗ್ಗ ಅಂತ ನೋಡಿ.