ನಿಮ್ಮ ನೇಣುಗಾರನಿಗೆ ಕೆಲಸ ಜಾಸ್ತಿಯಾಯಿತು

ಪ್ರಿಯ ಗೆಳೆಯರೆ,

ನಮಸ್ಕಾರ. ಮುಳಬಾಗಿಲಿನಿಂದ ನೀವು ಕಳಿಸಿದ ‘ಹಗ್ಗ’ ಕಥೆ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆ. ಸುಮ್ಮನೆ ‘ವಿಷಾದದಿಂದ ಹಿಂದಿರುಗಿಸಿದೆ’ ಅಂತ ಚೀಟಿ ಅಂಟಿಸಿ ಕಳಿಸಬಹುದಿತ್ತು. ಆದರೆ ಇದರೊಳಗೆ ಒಂದು ಕಥೆ ಇದೆ, ನೀವು ಬರೆದದ್ದು ಅದನ್ನಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಮುನಿಶಾಮಪ್ಪ ಕೋಲಾರದ ಜೈಲಿನಲ್ಲಿ ಅಪ್ಪನ ಕಾಲದಿಂದ ಬಂದ ನೇಣುಗಾರ. ತಿಂಗಳಿಗೊಬ್ಬರನ್ನಾದರೂ ಗಲ್ಲಿಗೇರಿಸುತ್ತಾನೆ, ಹಗ್ಗವನ್ನು ಮನೆಯ ಹಿತ್ತಲಲ್ಲಿ ತಾನೇ ಹೊಸೆಯುತ್ತಾನೆ, ಅವನ ನೆರಳು ಬಿದ್ದರೆ ಊರಿನವರು ಮೈ ತೊಳೆದುಕೊಳ್ಳುತ್ತಾರೆ. ಹುಡುಗಿಯೊಬ್ಬಳನ್ನು ಕೊಂದವನಿಗೆ ಜಡ್ಜ್ ಸಾಹೇಬರು ಮರಣದಂಡನೆ ಬರೆದು ಪೆನ್ನಿನ ನಿಬ್ಬು ಮುರಿಯುತ್ತಾರೆ. ಮುಂದಿನ ಅಮಾವಾಸ್ಯೆಗೆ ಮುನಿಶಾಮಪ್ಪ ಗಲ್ಲುಗಂಬದ ಕೆಳಗೆ ನಿಂತು ಎರಡೂವರೆ ಪುಟ ಮಾತಾಡಿ, ಕೆಲಸ ಬಿಟ್ಟು ಹೊರಟುಹೋಗುತ್ತಾನೆ.

ಮೊದಲು ಸುಲಭದ ತಪ್ಪುಗಳು. ಕೋಲಾರದ ಜೈಲಿನಲ್ಲಿ ಗಲ್ಲುಗಂಬ ಇಲ್ಲ. ನಮ್ಮ ರಾಜ್ಯದಲ್ಲಿ ಗಲ್ಲಿಗೇರಿಸುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾದಲ್ಲಿ. ಅಲ್ಲೂ ಕೊನೆಯ ಗಲ್ಲು ಆದದ್ದು 1983ರಲ್ಲಿ. ಹಗ್ಗ ಬರುವುದು ಬಿಹಾರದ ಬಕ್ಸರ್ ಜೈಲಿನಿಂದ, ಅಲ್ಲಿನ ಕೈದಿಗಳೇ ಅದನ್ನು ಹೊಸೆಯುತ್ತಾರೆ. ಹಾಗಾಗಿ ಹಿತ್ತಲಲ್ಲಿ ಹಗ್ಗ ಹೊಸೆಯುವ ನಿಮ್ಮ ಪುಟ ಹೋಗಬೇಕು, ಎಷ್ಟೇ ಚೆನ್ನಾಗಿದ್ದರೂ. ಇನ್ನು ನಿಬ್ಬು ಮುರಿಯುವುದು. ಆ ರೂಢಿ ಇರುವುದು ನಿಜ, ಆದರೆ ನಿಬ್ಬು ಮುರಿದ ಮಾತ್ರಕ್ಕೆ ಯಾರೂ ಗಲ್ಲಿಗೇರುವುದಿಲ್ಲ. ಸೆಷನ್ಸ್ ಕೋರ್ಟಿನ ಗಲ್ಲುಶಿಕ್ಷೆಯನ್ನು ಹೈಕೋರ್ಟು ಖಾಯಂ ಮಾಡಲೇಬೇಕು. ಆಮೇಲೆ ಸುಪ್ರೀಂ ಕೋರ್ಟು, ರಾಜ್ಯಪಾಲರು, ರಾಷ್ಟ್ರಪತಿ. ಕ್ಷಮಾದಾನದ ಅರ್ಜಿ ತಿರಸ್ಕಾರವಾದ ಮೇಲೂ ಕನಿಷ್ಠ 14 ದಿನ ಬಿಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀವು ಇದನ್ನೆಲ್ಲ ಒಂದು ಅಮಾವಾಸ್ಯೆಯೊಳಗೆ ಮುಗಿಸಿದ್ದೀರಿ.

ಇಷ್ಟೇ ಆಗಿದ್ದರೆ ನಾನೇ ತಿದ್ದಿ ಹಾಕುತ್ತಿದ್ದೆ. ನನ್ನ ತಕರಾರು ಆ ‘ತಿಂಗಳಿಗೊಬ್ಬರು’ ಅನ್ನುವ ಮಾತಿನ ಮೇಲೆ. ಕೊಲ್ಕತ್ತಾದ ಅಲಿಪುರ ಜೈಲಿನಲ್ಲಿ ನೇಣುಗಾರ ನಾಟಾ ಮಲ್ಲಿಕ್ ಧನಂಜಯ ಚಟರ್ಜಿಯನ್ನು ಗಲ್ಲಿಗೇರಿಸಿದ್ದು 2004ರ ಆಗಸ್ಟ್ 14ರಂದು. ಅದಾದ ಮೇಲೆ ದೇಶದಲ್ಲಿ ಮತ್ತೊಂದು ಗಲ್ಲು ಆಗಲು 2012ರ ನವೆಂಬರ್ ಬರಬೇಕಾಯಿತು, ಕಸಬ್‌ನದು. 2013ರಲ್ಲಿ ಅಫ್ಜಲ್ ಗುರು, 2015ರಲ್ಲಿ ಯಾಕೂಬ್ ಮೆಮನ್. ಆಮೇಲೆ 2020ರ ಮಾರ್ಚ್ 20ರ ಬೆಳಗಿನ ಜಾವ, ದೆಹಲಿಯ ತಿಹಾರ್ ಜೈಲಿನಲ್ಲಿ ನಿರ್ಭಯಾ ಪ್ರಕರಣದ ನಾಲ್ವರು ಒಟ್ಟಿಗೇ. ಅವರನ್ನು ಗಲ್ಲಿಗೇರಿಸಿದ ಮೀರತ್‌ನ ಪವನ್ ಜಲ್ಲಾದ್ ಹೊಟ್ಟೆಪಾಡಿಗೆ ಸೈಕಲ್ ಮೇಲೆ ಬಟ್ಟೆ ಮಾರುತ್ತಿದ್ದವನು. ತಾತ, ಅಪ್ಪ ಎಲ್ಲ ಇದೇ ಕೆಲಸದವರು. ಅವನೋ, ಜೈಲಿನಿಂದ ಯಾವಾಗ ಕರೆ ಬರುತ್ತದೋ ಅಂತ ವರ್ಷಗಟ್ಟಲೆ ಕಾದವನು.

ಗಮನಿಸಿ, ನೇಣುಗಾರನ ಬದುಕು ಅಂದರೆ ಮುಕ್ಕಾಲು ಪಾಲು ಕಾಯುವುದೇ. ನೀವು ಅವನಿಗೆ ವಿಪರೀತ ಕೆಲಸ ಕೊಟ್ಟಿದ್ದೀರಿ, ಅದರಿಂದಲೇ ಕಥೆ ಕೆಟ್ಟಿದೆ. ಇನ್ನೊಬ್ಬನ ಶಿಕ್ಷೆ ಖಾಯಂ ಆದರೆ ತನಗೆ ನಾಲ್ಕು ಕಾಸು ಅಂತ ಕೂತ ಮನುಷ್ಯ ರೇಡಿಯೋದಲ್ಲಿ ವಾರ್ತೆ ಹೇಗೆ ಕೇಳುತ್ತಾನೆ? ಮಗಳ ಮದುವೆಗೆ ಸಾಲ ಮಾಡಿದ್ದಾನೆ ಅಂತಿಟ್ಟುಕೊಳ್ಳಿ. ವೀರಪ್ಪನ್ ಸಹಚರರು ನಾಲ್ವರು ಹಿಂಡಲಗಾದಲ್ಲಿದ್ದರಲ್ಲ, 2013ರ ಫೆಬ್ರವರಿಯಲ್ಲಿ ಅವರ ಅರ್ಜಿ ತಿರಸ್ಕಾರವಾಯಿತು. ಇನ್ನೇನು ಅನ್ನುವಷ್ಟರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಮರುವರ್ಷ ಜೀವಾವಧಿಗೆ ಇಳಿಸಿತು. ನಿಮ್ಮ ಮುನಿಶಾಮಪ್ಪನಿಗೆ ಅಂಥದ್ದೊಂದು ಕರೆ ಬಂದು, ಬೆಳಗಾವಿಗೆ ಹೋಗಿ, ಕೈದಿಯ ತೂಕದ ಒಂದೂವರೆ ಪಟ್ಟು ಮರಳು ಮೂಟೆಗೆ ತುಂಬಿ ಹಗ್ಗ ಪರೀಕ್ಷೆ ಮಾಡಿ, ಬೆಣ್ಣೆ ಸವರಿ, ಅಷ್ಟರಲ್ಲಿ ‘ಬೇಡವಂತೆ, ಹೊರಡಪ್ಪಾ’ ಅಂದರೆ? ಅವನಿಗೆ ಆಗುವುದು ನೆಮ್ಮದಿಯೋ, ಕೂಲಿ ಹೋಯಿತಲ್ಲ ಅನ್ನುವ ಸಂಕಟವೋ, ಆ ಸಂಕಟಕ್ಕೆ ನಾಚಿಕೆಯೋ? ನನಗೆ ಬೇಕಾದ ಕಥೆ ಇದು.

ಕೆಲಸದ ವಿವರಕ್ಕೆ ಹೇಸಬೇಡಿ. ಹಗುರ ಆಳಿಗೆ ಹೆಚ್ಚು ಇಳಿತ, ಅಂದರೆ ಬೀಳುವ ದೂರ ಬೇಕು, ತೂಕದ ಆಳಿಗೆ ಕಡಿಮೆ. ಲೆಕ್ಕ ತಪ್ಪಿದರೆ ಕತ್ತು ಮುರಿಯುವುದಿಲ್ಲ, ಉಸಿರುಕಟ್ಟಿ ಒದ್ದಾಡುತ್ತಾನೆ, ಇಲ್ಲವೇ ರುಂಡವೇ ಬೇರೆಯಾಗುತ್ತದೆ. ಇಳಿಸುವ ಮುಂಚೆ ಅರ್ಧ ಗಂಟೆ ಹಾಗೇ ನೇತಾಡಬೇಕು. ಈ ಲೆಕ್ಕ ಬಲ್ಲವನ ಎದೆ ಹೇಗಿರುತ್ತದೆ ಅಂತ ತೋರಿಸಲು ‘ಪಾಪಪ್ರಜ್ಞೆಯ ಕಗ್ಗತ್ತಲು’ ಬೇಕಿಲ್ಲ.

ಊರಿನವರನ್ನೂ ನೀವು ಒಂದೇ ಬಣ್ಣದಲ್ಲಿ ಅದ್ದಿದ್ದೀರಿ. ಜನ ಹೇಸಿಕೊಳ್ಳುತ್ತಾರೆ, ಸರಿ. ಆದರೆ ನಾಟಾ ಮಲ್ಲಿಕ್ ಹತ್ತಿರ ಹಗ್ಗದ ತುಂಡನ್ನು ತಾಯತಕ್ಕೆ ಅಂತ ದುಡ್ಡು ಕೊಟ್ಟು ಒಯ್ದವರೂ ಜನವೇ. ತಿಹಾರ್ ಎದುರು ಸಿಹಿ ಹಂಚಿದವರೂ ಜನವೇ. ಹರಿಶ್ಚಂದ್ರ ನಾಟಕದಲ್ಲಿ ಚಂದ್ರಮತಿಯ ಮೇಲೆ ಗಂಡನೇ ಕತ್ತಿ ಎತ್ತುವಾಗ ನಮ್ಮ ಕಡೆಯ ಹೆಂಗಸರು ಅಳುತ್ತಾರೆ, ಆದರೂ ಯಾರೂ ಎದ್ದು ಹೋಗುವುದಿಲ್ಲ ನೋಡಿ.

ಈಗ ಆ ಎರಡೂವರೆ ಪುಟದ ಭಾಷಣ. ‘ಅಪರೂಪದಲ್ಲಿ ಅಪರೂಪದ’ ಪ್ರಕರಣಕ್ಕೆ ಮಾತ್ರ ಗಲ್ಲು ಅಂದ ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು, ಅದಕ್ಕೆ ನ್ಯಾಯಮೂರ್ತಿ ಭಗವತಿಯವರ ಭಿನ್ನಮತ, ಭಯೋತ್ಪಾದನೆ ಬಿಟ್ಟು ಉಳಿದದ್ದಕ್ಕೆ ಗಲ್ಲು ಬೇಡ ಅಂದ 2015ರ ಕಾನೂನು ಆಯೋಗದ ವರದಿ, ಎಲ್ಲ ಸರಿಯಾಗಿದೆ. ಆದರೆ ಮುಳಬಾಗಿಲು ಸೀಮೆಯ ಮುನಿಶಾಮಪ್ಪ, ಅರ್ಧ ತೆಲುಗಲ್ಲೇ ಬೈಯುವ ಮನುಷ್ಯ, ಇದನ್ನು ಎಲ್ಲಿ ಓದಿದ? ಅದು ನಿಮ್ಮ ಮಾತು. ನಾನೂ ಗಲ್ಲು ಬೇಡ ಅನ್ನುವವನೇ, ನನಗೇ ಆಕಳಿಕೆ ಬಂತು. ಗಲ್ಲು ಬೇಕು ಅನ್ನುವವನು ಮೊದಲ ಪುಟಕ್ಕೇ ಕೆಳಗಿಟ್ಟಿರುತ್ತಾನೆ.

ಅಂಥವನಿಗೂ ನಿಮ್ಮ ಕಥೆಯಲ್ಲಿ ಜಾಗ ಇರಬೇಕು. ಸತ್ತ ಹುಡುಗಿಯ ಅಪ್ಪ ಬಂದು ಮೂರೇ ಸಾಲಿನಲ್ಲಿ ಕ್ಷಮಿಸಿ ಹೋಗುತ್ತಾನೆ. ಯಾಕೆ ಅಷ್ಟು ಅವಸರ? 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ, ಆಗ ಅದು ನಮ್ಮ ಜಿಲ್ಲೆಯೇ, ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಯಾರಿಗೂ ಶಿಕ್ಷೆಯೇ ಆಗದ್ದನ್ನು ಕಂಡ ಸೀಮೆಯಲ್ಲಿ ‘ಹಾಕ್ರೀ ಗಲ್ಲಿಗೆ’ ಅನ್ನುವ ಕೂಗು ಎಲ್ಲಿಂದ ಹುಟ್ಟುತ್ತದೆ ಅಂತ ಆ ಅಪ್ಪನ ಬಾಯಲ್ಲಿ ಕೇಳಿಸಿ. ಅವನು ಗೆದ್ದರೂ ಗೆಲ್ಲಲಿ.

ನಾಲ್ಕನೇ ಪುಟದ ಒಂದು ಜಾಗ ಮಾತ್ರ ಮುಟ್ಟಬೇಡಿ. ಮುನಿಶಾಮಪ್ಪ ಕೊಟ್ಟಿಗೆಯಲ್ಲಿ ಹಸುವಿಗೆ ಕಣ್ಣಿ ಹಾಕಲು ಹೋದಾಗ ಹೆಂಡತಿ ಏನೂ ಅನ್ನದೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಕಟ್ಟುತ್ತಾಳಲ್ಲ, ಅಲ್ಲಿ ನೀವು ಕಥೆಗಾರರು. ಅದರ ಕೆಳಗೆ ‘ಆ ಹಗ್ಗವೂ ಅವನಿಗೆ ಉರುಳಾಗಿ ಕಂಡಿತು’ ಅಂತ ವಿವರಣೆ ಸೇರಿಸಿದ್ದೀರಿ. ಆ ಸಾಲು ಹೊಡೆದುಹಾಕಿ.

ತಿದ್ದಿ ಬರೆದರೆ ನನ್ನ ಹೆಸರಿಗೇ ಕಳಿಸಿ. ಎಂಟು ಪುಟ ಮೀರುವುದು ಬೇಡ. ಪುಟಸಂಖ್ಯೆ ಸರಿಯಾಗಿ ಹಾಕಿ, ಈ ಪ್ರತಿಯಲ್ಲಿ 11 ಎರಡು ಸಲ ಬಂದು 12 ಇಲ್ಲವೇ ಇಲ್ಲ. ದೀಪಾವಳಿ ವಿಶೇಷಾಂಕದ ಕಥೆಗಳು ಆಗಲೇ ಮುಗಿದಿವೆ, ಸಂಕ್ರಾಂತಿ ಸಂಚಿಕೆಗೆ ನೋಡೋಣ.

ಇಂತಿ ನಿಮ್ಮ,
ಸಂಪಾದಕ
ಕೋಲಾರ